ಒಂದಡಿ ಪೈಪು, ಒಂದು ಜೋಳದ ದಂಟು

ನಮ್ಮ ಹೊಲ ಮಸ್ಕಿ ಹತ್ತಿರ, ತುಂಗಭದ್ರಾ ಎಡದಂಡೆಯ ಒಂದು ಉಪಕಾಲುವೆಯ ತುದಿಯಲ್ಲಿದೆ. ಮೇಲಿನವರಿಗೆ ಸಾಕಾಗಿ ಉಳಿದರೆ ನಮಗೆ ನೀರು. ಅದಕ್ಕೇ ಬೋರು ಹಾಕಿಸಿದ್ದು. ನಾಲ್ಕು ವರ್ಷದ ಹಿಂದೆ ಆ ನೀರನ್ನು ಪರೀಕ್ಷೆ ಮಾಡಿಸಿದಾಗ ಆರ್ಸೆನಿಕ್ ಅನ್ನುವ ವಿಷ ಇದೆ ಅಂತ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು. ನಮ್ಮದು ದಾಟಿತ್ತು. ಹಟ್ಟಿ ಚಿನ್ನದ ಗಣಿ ಸುತ್ತಿನ ಚಿನ್ನದ ಬಂಡೆಯ ಜೊತೆಗೇ ಆರ್ಸೆನಿಕ್ ಇರುವ ಖನಿಜವೂ ಇರುತ್ತದೆ. ಕುಡಿಯುವುದನ್ನು ಅವತ್ತೇ ಬಿಟ್ಟೆವು. ಆದರೆ ಅದೇ ನೀರು ನೆಲ್ಲಿಗೆ ಹೋಗುತ್ತಿತ್ತು, ಅದೇ ಅಕ್ಕಿ ನಮ್ಮ ತಟ್ಟೆಗೆ ಬರುತ್ತಿತ್ತು. ಅವತ್ತು ರಾತ್ರಿ ಮಕ್ಕಳಿಗೆ ಅನ್ನ ಬಡಿಸುವಾಗ ನನಗೆ ಕೈ ಬರಲಿಲ್ಲ.

ಆಮೇಲೆ ಕೇಳಿ ತಿಳಿದುಕೊಂಡೆ. ಮಣ್ಣಿಗೆ ಗಾಳಿ ಆಡುತ್ತಿದ್ದರೆ ಆರ್ಸೆನಿಕ್ ಅಲ್ಲಿರುವ ಕಬ್ಬಿಣದ ತುಕ್ಕಿಗೆ ಅಂಟಿಕೊಂಡು ಕೂರುತ್ತದೆ. ದಿನಗಟ್ಟಲೆ ನೀರು ನಿಂತರೆ ಗಾಳಿ ಹೋಗುತ್ತದೆ, ತುಕ್ಕು ಕರಗುತ್ತದೆ, ಆರ್ಸೆನಿಕ್ ನೀರಿಗೆ ಬಿಡುತ್ತದೆ. ನೆಲ್ಲಿನ ಬೇರು ಸಿಲಿಕಾ ಎಳೆದುಕೊಳ್ಳುವ ದಾರಿಯಲ್ಲೇ ಅದನ್ನೂ ಎಳೆದುಕೊಳ್ಳುತ್ತದೆ. ಅಂದರೆ ನೀರು ನಿಲ್ಲಿಸಿದಷ್ಟೂ ಕಾಳಿಗೆ ಜಾಸ್ತಿ.

ಹಾಗಾಗಿ ಒಣಗಿಸಿ ಹಾಯಿಸುವ ಪದ್ಧತಿ ಹಿಡಿದೆ, ಅಂದರೆ ಯಾವಾಗಲೂ ನೀರು ನಿಲ್ಲಿಸದೆ, ಮಣ್ಣು ಸ್ವಲ್ಪ ಆರಿದ ಮೇಲೆ ಮತ್ತೆ ನೀರು ಬಿಡುವುದು. ಅಪ್ಪನಿಗೆ ಹೇಳಿದರೆ, ‘ನೀರಿಲ್ದ ಬೆಳಿಯೋದು ಜ್ವಾಳಪ್ಪ, ನೆಲ್ಲಲ್ಲ’ ಅಂದರು. ಅವರ ಕಾಲದಲ್ಲಿ ಕಾಲುವೆ ಬರುವ ಮುಂಚೆ ಇಲ್ಲೆಲ್ಲ ಜೋಳವೇ ಇತ್ತು. ಕೊನೆಗೆ ಎರಡು ಮಡಿಗೆ ಮಾತ್ರ ಒಪ್ಪಿದರು.

ಬೋರಿನದೇ ಉಳಿದ ನಾಲ್ಕಿಂಚಿನ ಪೈಪನ್ನು ಒಂದೊಂದು ಅಡಿಗೆ ಕೊಯ್ದೆ. ಕಾಯಿಸಿದ ಸರಳಿನಿಂದ ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಹಾಕಿದೆ. ಆ ಅರ್ಧವನ್ನು ನೆಲದಲ್ಲಿ ಹುಗಿದು, ಒಳಗಿನ ಕೆಸರನ್ನು ಕೈಯಿಂದ ತೆಗೆದೆ. ಈಗ ಒಳಗೆ ಕಾಣುವ ನೀರೇ ಮಣ್ಣಿನೊಳಗಿನ ನೀರಿನ ಮಟ್ಟ. ಅಳೆಯಲು ಬೆರಳಿನ ಗುರುತು ಹಾಕಿದ ಒಂದು ಜೋಳದ ದಂಟು. ನಾಟಿ ಮಾಡಿ ಎರಡು ವಾರ ನೀರು ನಿಲ್ಲಿಸಿದೆ, ಇಲ್ಲದಿದ್ದರೆ ಕಳೆ ಮೇಲೇಳುತ್ತದೆ. ಆಮೇಲೆ ದಂಟು ನೋಡಿಯೇ ಮೋಟರ್ ಹಚ್ಚಿದ್ದು.

ಪುಸ್ತಕದ ಲೆಕ್ಕದಲ್ಲಿ ನೀರು ನೆಲದ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿಯುವ ತನಕ ಕಾಯಬಹುದು. ನಮ್ಮ ಎರೆ ಭೂಮಿಗೆ ಅದು ಆಗಲಿಲ್ಲ. ಮೊದಲ ಸಲ ಹಾಗೇ ಕಾದೆ. ಹೆಬ್ಬೆರಳು ಇಳಿಯುವಷ್ಟು ಬಿರುಕು ಬಿಟ್ಟಿತು. ನೀರು ಬಿಟ್ಟರೆ ಅರ್ಧ ತಾಸು ಮಡಿಯಲ್ಲಿ ಹರಡಲೇ ಇಲ್ಲ, ಗುಳುಗುಳು ಅಂತ ಬಿರುಕಿನೊಳಗೇ ಇಳಿಯಿತು. ಉಳಿಸಲು ಹೊರಟ ನೀರೆಲ್ಲ ಪಾತಾಳಕ್ಕೆ! ಅವತ್ತಿನಿಂದ ಕೂದಲೆಳೆ ಬಿರುಕು ಕಂಡರೆ ಸಾಕು, ಅಂದರೆ ಎಂಟು ಹತ್ತು ಸೆಂ.ಮೀ. ಇಳಿದರೆ ಸಾಕು, ನೀರು ಹಾಯಿಸುತ್ತೇನೆ. ಎರೆ ಭೂಮಿಯವರು ದಯವಿಟ್ಟು ಇದನ್ನು ಮರೆಯಬೇಡಿ.

ಅದೇ ವರ್ಷ ಇನ್ನೊಂದು ಪೆಟ್ಟು ಬಿತ್ತು. ತೆನೆ ಹೊರಬರುವ ಹೊತ್ತಿಗೆ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟು ಒಂಬತ್ತು ದಿನ ಕರೆಂಟ್ ಇಲ್ಲ. ಪೈಪಿನಲ್ಲಿ ದಂಟು ತಳ ಮುಟ್ಟಿದರೂ ಒದ್ದೆಯಾಗುತ್ತಿರಲಿಲ್ಲ. ರಾಶಿ ತೂರುವಾಗ ಜೊಳ್ಳು ಗಾಳಿಗೆ ಹಾರಿ ಹೋಗುವುದನ್ನು ಅಪ್ಪ ನೋಡುತ್ತಾ ನಿಂತರು, ಏನೂ ಅನ್ನಲಿಲ್ಲ. ಎಕರೆಗೆ 75 ಕಿಲೋ ಚೀಲ 38 ಬರುತ್ತಿದ್ದದ್ದು 31ಕ್ಕೆ ಇಳಿದಿತ್ತು. ಹೂ ಬಿಡುವುದಕ್ಕೆ ಒಂದು ವಾರ ಮುಂಚೆಯಿಂದ ಒಂದು ವಾರ ಆಮೇಲಿನ ತನಕ ಮಡಿಯಲ್ಲಿ ಎರಡು ಇಂಚು ನೀರು ಇರಲೇಬೇಕು. ಈಗ ಆ ಹದಿನೈದು ದಿನಕ್ಕೆ ಕಾಲುವೆಯ ಸರದಿ ಸಿಗುವ ಹಾಗೆ ಲೆಕ್ಕ ಹಾಕಿಯೇ ನಾಟಿ ಮಾಡುತ್ತೇನೆ.

ಹೂವಿನ ಹೊತ್ತಿಗೆ ನೀರು ನಿಲ್ಲಿಸಲು ಇನ್ನೊಂದು ಕಾರಣವೂ ಇದೆ. ಕ್ಯಾಡ್ಮಿಯಂ ಅನ್ನುವ ಲೋಹದ ಗುಣ ಆರ್ಸೆನಿಕ್‌ಗೆ ಪೂರ್ತಿ ಉಲ್ಟಾ. ನೀರು ನಿಂತ ಮಣ್ಣಿನಲ್ಲಿ ಅದು ಗಂಧಕದ ಜೊತೆ ಗಟ್ಟಿಯಾಗಿ ಕೂರುತ್ತದೆ, ಒಣಗಿದರೆ ಬಿಡುಗಡೆಯಾಗಿ ಬೇರಿಗೆ ಸಿಗುತ್ತದೆ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಂ ಅಕ್ಕಿಗೆ ಸೇರಿ, ಜನರ ಮೂಳೆ ಮುರಿಯುವ ಕಾಯಿಲೆ ಬಂದಿತ್ತು. ಈಗ ಕ್ಯಾಡ್ಮಿಯಂ ಇರುವ ಕಡೆ ಅಲ್ಲಿನ ರೈತರು ತೆನೆ ಬರುವ ಮುಂಚೆ ಆಮೇಲೆ ಮೂರು ಮೂರು ವಾರ ನೀರು ನಿಲ್ಲಿಸುತ್ತಾರೆ. ಆರ್ಸೆನಿಕ್ ಹೆದರಿಕೆಗೆ ಇಡೀ ಬೆಳೆಯನ್ನು ಒಣಗಿಸುವುದು ನನಗೆ ಸರಿ ಕಾಣಲಿಲ್ಲ.

ಕಳೆದ ಬೇಸಿಗೆ ಬೆಳೆ ಹೀಗೇ ಮಾಡಿದೆ. ಎಕರೆಗೆ 37 ಚೀಲ ಬಂತು. ಮೋಟರ್ ಓಡುವ ತಾಸು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಯಾವಾಗಲೂ ನೀರು ನಿಲ್ಲಿಸಿದ ಮಡಿಯ ಅಕ್ಕಿ, ಪೈಪಿನ ಮಡಿಯ ಅಕ್ಕಿ ಎರಡನ್ನೂ ಲ್ಯಾಬಿಗೆ ಕಳಿಸಿದೆ. ಪೈಪಿನ ಮಡಿಯದರಲ್ಲಿ ಆರ್ಸೆನಿಕ್ ಎದ್ದು ಕಾಣುವಷ್ಟು ಕಡಿಮೆ ಇತ್ತು, ಕ್ಯಾಡ್ಮಿಯಂ ಸ್ವಲ್ಪ ಜಾಸ್ತಿ. ಪಾಲಿಶ್ ಅಕ್ಕಿಗೆ ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಇಟ್ಟಿರುವ ಮಿತಿ ಕಿಲೋಗೆ ಅಜೈವಿಕ ಆರ್ಸೆನಿಕ್ (ಅದರ ಹೆಚ್ಚು ವಿಷದ ರೂಪ) 0.2 ಮಿಲಿಗ್ರಾಂ, ಕ್ಯಾಡ್ಮಿಯಂ 0.4. ಪೈಪಿನ ಮಡಿಯದು ಎರಡರಲ್ಲೂ ಒಳಗೇ ಇತ್ತು. ಆ ಕಾಗದ ಮನೆಯಲ್ಲಿ ಎಲ್ಲರಿಗೂ ತೋರಿಸಿದೆ.

ಅಡುಗೆಯಲ್ಲೂ ಒಂದು ಬದಲಾವಣೆ ಆಯಿತು. ಕುಕ್ಕರ್ ಬಿಟ್ಟು ಅವ್ವನ ಹಳೆಯ ಪದ್ಧತಿಗೆ ಬಂದೆವು. ಜಾಸ್ತಿ ನೀರಿಟ್ಟು ಬೇಯಿಸಿ, ಗಂಜಿ ಬಸಿಯುವುದು. ಬಸಿದ ನೀರಿನ ಜೊತೆ ಆರ್ಸೆನಿಕ್‌ನ ಒಂದು ಪಾಲು ಹೋಗುತ್ತದೆ. ಬೇಯಿಸುವ ನೀರು ಮಾತ್ರ ಬೋರಿನದಾಗಿರಬಾರದು, ಅಷ್ಟೆ.

ಬರೀ ಕಾಲುವೆ ನೀರಲ್ಲಿ ಬೆಳೆದ ಅಕ್ಕಿಯನ್ನು ಹೋದ ಸಲ ಕಳಿಸಿರಲಿಲ್ಲ. ಈ ಸಲ ಮೇಲಿನ ಹೊಲದ ಕಾಕಾನ ಹತ್ತಿರ ಒಂದು ಕಿಲೋ ಇಸಿದುಕೊಂಡು ಬೇರೆ ಕಟ್ಟಿಟ್ಟಿದ್ದೇನೆ. ಸೋಮವಾರ ನಮ್ಮದರ ಜೊತೆ ಅದೂ ಲ್ಯಾಬಿಗೆ ಹೋಗುತ್ತದೆ.