ಪ್ರತಿ ಗಂಟೆಯ ಹದಿನೇಳನೇ ನಿಮಿಷ

ಹೋದ ಮಳೆಗಾಲದ ಮಾತು. ಕುಮಟಾ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಆಚೆ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್, ಮದುವೆ ಕರೆಯೋಲೆ, ಅರ್ಜಿ ತುಂಬುವುದು, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಅವತ್ತು ಹೊರಗೆ ಧೋ ಎಂದು ಮಳೆ. ನಿವೃತ್ತ ಮಾಸ್ತರರೊಬ್ಬರು ಪಕ್ಕದ ಸ್ಟೂಲಿನಲ್ಲಿ ಕೂತು ತಾಳಮದ್ದಳೆಯ ಕರಪತ್ರ ತಿದ್ದಿಸುತ್ತಿದ್ದರು. ಅರ್ಥಧಾರಿಗಳ ಹೆಸರಿನ ಸಾಲಿಗೆ ಬಂದಿದ್ದೆವು. ಅಷ್ಟರಲ್ಲಿ ಪರದೆಯ ಮೂಲೆಯಿಂದ ಒಂದು ಕೆಂಪು ಪೆಟ್ಟಿಗೆ ಎದ್ದು ಬಂತು. ಇಲ್ಲಿ 1,284 ದೋಷಗಳಿವೆ, ಈಗಲೇ ಸರಿಪಡಿಸಿ ಎಂದಿತು.

"ಎಂತಾ ತಮಾ ಇದು? ಅಷ್ಟೊಂದು ತಪ್ಪು ನನ್ನ ಕರಡಿನಲ್ಲಾ?" ಎಂದರು ಮಾಸ್ತರರು.

ನಗು ಬಂತು. ಆದರೆ ಒಳಗೊಳಗೇ ಹೊಟ್ಟೆ ಉರಿಯಿತು. ಏಕೆಂದರೆ ಆ ಪೆಟ್ಟಿಗೆಯನ್ನು ನಾನು ಅಷ್ಟರೊಳಗೆ ಎರಡು ಸಲ ಕಿತ್ತು ಹಾಕಿಯಾಗಿತ್ತು.

ಅದು ಕಂಪ್ಯೂಟರ್ ಕ್ಲೀನ್ ಮಾಡುತ್ತೇನೆ ಎನ್ನುವ ಒಂದು ಬೇಡದ ಸಾಫ್ಟ್‌ವೇರ್. ಬಂದ ದಾರಿ ನನಗೆ ಗೊತ್ತಿತ್ತು. ಯಾರೋ ಮೊಬೈಲಿನಲ್ಲಿ ಪಿಡಿಎಫ್ ತಂದಿದ್ದರು. ಅದನ್ನು ವರ್ಡ್ ಫೈಲ್ ಮಾಡಿ ಕೊಡಬೇಕಿತ್ತು. ಪುಕ್ಕಟೆ ಸಿಗುವ ಒಂದು ಕನ್ವರ್ಟರ್ ಡೌನ್‌ಲೋಡ್ ಮಾಡಿದೆ. ಗಿರಾಕಿ ಎದುರಿಗೇ ನಿಂತಿದ್ದರು, ಬಸ್ಸಿಗೆ ಹೊತ್ತಾಗಿತ್ತು. ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತಾ ಹೋದೆ. ನಡುವೆ ಎಲ್ಲೋ ಬೇರೆ ಸಾಫ್ಟ್‌ವೇರ್‌ಗಳನ್ನೂ ಜೊತೆಗೆ ಹಾಕಲು ಮೊದಲೇ ಟಿಕ್ ಹಾಕಿಟ್ಟಿದ್ದ ಚೌಕಗಳಿದ್ದವು. 'ಕಸ್ಟಮ್' ಆರಿಸಿದ್ದರೆ ಅವು ಕಾಣುತ್ತಿದ್ದವು. ನಾನು 'ಎಕ್ಸ್‌ಪ್ರೆಸ್' ಒತ್ತಿದ್ದೆ. ಆ ಕನ್ವರ್ಟರಿನ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೂ ಪ್ರಯೋಜನ ಇಲ್ಲ, ಇಂಥವು ಹೆಸರು ಬದಲಿಸಿಕೊಂಡು ಬರುತ್ತಲೇ ಇರುತ್ತವೆ.

ಮೊದಲ ಸಲ ನಾನು ಮಾಡಿದ್ದು ದಡ್ಡ ಕೆಲಸ. ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್‌ಗೆ ಹೋಗಿ, ಆ ಕೆಂಪು ಪೆಟ್ಟಿಗೆಯ ಫೋಲ್ಡರನ್ನೇ ಡಿಲೀಟ್ ಮಾಡಿದೆ. 'ಫೈಲ್ ಬಳಕೆಯಲ್ಲಿದೆ' ಎಂದು ಹಟ ಹಿಡಿಯಿತು. ಟಾಸ್ಕ್ ಮ್ಯಾನೇಜರಿನಲ್ಲಿ ಅದನ್ನು ನಿಲ್ಲಿಸಿ ಮತ್ತೆ ಡಿಲೀಟ್ ಒತ್ತಿದೆ. ಹೋಯಿತು. ಆದರೆ ಆ ಫೋಲ್ಡರಿನ ಜೊತೆಗೇ ಅದರ ಅನ್‌ಇನ್‌ಸ್ಟಾಲರ್ ಕೂಡ ಹೋಯಿತು. ಆ್ಯಪ್‌ಗಳ ಪಟ್ಟಿಯಲ್ಲಿ ಹೆಸರು ಹಾಗೇ ಉಳಿಯಿತು. ಅನ್‌ಇನ್‌ಸ್ಟಾಲ್ ಒತ್ತಿದರೆ ಫೈಲ್ ಸಿಗುತ್ತಿಲ್ಲ ಎಂಬ ಉತ್ತರ. ಮನೆಗೆ ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟ ಹಾಗೆ.

ಮರುದಿನ ಬೆಳಿಗ್ಗೆ ಕೆಂಪು ಪೆಟ್ಟಿಗೆ ಮತ್ತೆ ಹಾಜರು. ಫೋಲ್ಡರೂ ಹೊಸದಾಗಿ ಬಂದು ಕೂತಿತ್ತು, ಅನ್‌ಇನ್‌ಸ್ಟಾಲರ್ ಸಮೇತ. ಒಂದು ಲೆಕ್ಕದಲ್ಲಿ ಉಪಕಾರವೇ ಆಯಿತು. ಈ ಸಲ ಸೆಟ್ಟಿಂಗ್ಸ್‌ನ ಆ್ಯಪ್ಸ್‌ಗೆ ಹೋಗಿ ಸರಿಯಾದ ದಾರಿಯಲ್ಲೇ ತೆಗೆದೆ. ಎರಡು ದಿನ ಶಾಂತವಾಗಿತ್ತು. ಮೂರನೇ ದಿನ ಮಾಸ್ತರರ ಎದುರಿಗೆ ಮಾನ ಹೋಯಿತು.

ಅವತ್ತು ಸಂಜೆ ಸುಮ್ನೆ ಕೂತು ನೋಡಿದೆ. ಏನನ್ನೂ ಮುಟ್ಟಲಿಲ್ಲ. ಆಗ ಒಂದು ಸಂಗತಿ ಗಮನಕ್ಕೆ ಬಂತು. 5 ಗಂಟೆ 17 ನಿಮಿಷಕ್ಕೆ ಒಂದು ಕಪ್ಪು ಕಿಟಕಿ ಕಣ್ಣು ಮಿಟುಕಿಸುವಷ್ಟು ಹೊತ್ತು ತೆರೆದು ಮುಚ್ಚಿತು. 6 ಗಂಟೆ 17ಕ್ಕೆ ಮತ್ತೆ ಅದೇ. 7 ಗಂಟೆ 17ಕ್ಕೂ ಅದೇ. ವೈರಸ್ಸಿಗೆ ಗಡಿಯಾರ ಯಾಕೆ ಬೇಕು? ಯಾರೋ ಗಂಟೆಗೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದಾರೆ ಎಂದಾಯಿತು.

ನಮ್ಮ ಅಪ್ಪ ಮಾವಿನ ಮರದ ಬಂದಳಿಕೆ ತೆಗೆಯುವಾಗ ಹೇಳುತ್ತಿದ್ದರು: "ಎಲೆ ಸವರಿದ್ರೆ ಮತ್ತೆ ಚಿಗುರ್ತದೆ. ಅದು ಹಿಡಿದ ಟೊಂಗೆ ಸಮೇತ ಕಡೀಬೇಕು." ನಾನು ಎರಡು ಸಲ ಸವರಿದ್ದು ಬರೀ ಎಲೆ. ಟೊಂಗೆ ಬೇರೆ ಎಲ್ಲೋ ಇತ್ತು.

ಮೂರನೇ ಸಲ ಅವಸರ ಮಾಡಲಿಲ್ಲ. ಭಾನುವಾರ ಅಂಗಡಿ ಅರ್ಧ ಬಾಗಿಲು ಹಾಕಿ ಕೂತೆ. ಮೊದಲು ಬ್ಯಾಕಪ್. ಗಿರಾಕಿಗಳ ಫೈಲುಗಳ ಜೊತೆ ನುಡಿ ಫಾಂಟುಗಳನ್ನೂ ಪೆನ್‌ಡ್ರೈವಿಗೆ ಹಾಕಿದೆ. ಹಳೆಯ ನುಡಿ ಫೈಲುಗಳಿಗೆ ಅದೇ ಫಾಂಟು ಬೇಕು, ಇಲ್ಲದಿದ್ದರೆ ಎಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಆಮೇಲೆ ರಿಸ್ಟೋರ್ ಪಾಯಿಂಟ್. ಸ್ಟಾರ್ಟ್ ಮೆನುವಿನಲ್ಲಿ 'ರಿಸ್ಟೋರ್ ಪಾಯಿಂಟ್' ಎಂದು ಹುಡುಕಿದರೆ ಸಿಗುತ್ತದೆ. ನನ್ನ ಕಂಪ್ಯೂಟರಿನಲ್ಲಿ ಆ ರಕ್ಷಣೆಯೇ ಆಫ್ ಆಗಿತ್ತು. ಇಷ್ಟು ವರ್ಷ ನೋಡಿರಲೇ ಇಲ್ಲ. ಇದು ವಿಂಡೋಸಿನ ಸೆಟ್ಟಿಂಗನ್ನು ಹಿಂದಕ್ಕೆ ತರುತ್ತದೆಯೇ ಹೊರತು ನಿಮ್ಮ ಫೈಲುಗಳನ್ನು ಕಾಯುವುದಿಲ್ಲ. ಹಾಗಾಗಿ ಪೆನ್‌ಡ್ರೈವ್ ಬೇಕೇ ಬೇಕು.

ಮುಂದೆ ಮಾಡಿದ ಒಂದು ಸಣ್ಣ ಕೆಲಸ ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡಿತು. ಆ್ಯಪ್‌ಗಳ ಪಟ್ಟಿಯನ್ನು ಹೆಸರಿನ ಬದಲು ಇನ್‌ಸ್ಟಾಲ್ ಆದ ದಿನಾಂಕದ ಮೇಲೆ ಜೋಡಿಸಿದೆ. ಕನ್ವರ್ಟರ್ ಬಂದ ದಿನವೇ ಇನ್ನೂ ಮೂರು ಬಂದಿದ್ದವು! ಒಂದು ಹವಾಮಾನ ತೋರಿಸುವುದು. ಒಂದು ಬ್ರೌಸರ್ ಹುಡುಕಾಟಕ್ಕೆ 'ಸಹಾಯ' ಮಾಡುವುದು. ಇನ್ನೊಂದು ಡ್ರೈವರ್ ಅಪ್‌ಡೇಟ್ ಮಾಡುತ್ತೇನೆ ಎನ್ನುವುದು. ನಾನು ಹೊರಗಟ್ಟುತ್ತಿದ್ದದ್ದು ಕೆಂಪು ಪೆಟ್ಟಿಗೆಯನ್ನು ಮಾತ್ರ. ಉಳಿದವರು ಒಳಗೇ ಆರಾಮಾಗಿ ಇದ್ದರು. ಹೆಸರು, ತಯಾರಕರ ಹೆಸರು, ದಿನಾಂಕ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದುಕೊಂಡೆ. ಆಮೇಲೆ ಹುಡುಕಾಟಕ್ಕೆ ಆ ಕಾಗದವೇ ಆಧಾರ.

ನೆಟ್ ಕೇಬಲ್ ಕಿತ್ತೆ. ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿದೆ. ಇಲ್ಲಿ ನಿಧಾನವಾಗಿ ಓದಬೇಕು. ದೊಡ್ಡ ಹಸಿರು ಬಟನ್ 'ಇಟ್ಟುಕೊಳ್ಳಿ' ಎನ್ನುತ್ತದೆ. ನಿಜವಾಗಿ ತೆಗೆಯುವ ಬಟನ್ ಬೂದು ಬಣ್ಣದಲ್ಲಿ ಮೂಲೆಯಲ್ಲಿರುತ್ತದೆ. ಒಂದಂತೂ ಹೋಗುವಾಗ ಅರ್ಧ ಬೆಲೆಗೆ ಕೊಡುತ್ತೇನೆ ಎಂದಿತು, ಸಂತೆ ಮುಗಿಯುವ ಹೊತ್ತಿನ ಮೀನಿನ ಹಾಗೆ. ನಾಲ್ಕೂ ಮುಗಿದ ಮೇಲೆ ರೀಸ್ಟಾರ್ಟ್.

ಈಗ ಟೊಂಗೆ ಹುಡುಕುವ ಕೆಲಸ. ಟಾಸ್ಕ್ ಶೆಡ್ಯೂಲರ್ ತೆರೆದೆ. ವಿಂಡೋಸ್ ತನ್ನ ಕೆಲಸಗಳಿಗೆ ಇಂತಿಷ್ಟು ಹೊತ್ತಿಗೆ ಎಂದು ಪಟ್ಟಿ ಹಾಕಿಕೊಳ್ಳುವ ಜಾಗ ಇದು. ಬೇರೆ ಸಾಫ್ಟ್‌ವೇರ್‌ಗಳೂ ಇಲ್ಲಿ ಹೆಸರು ಹಚ್ಚಬಹುದು. ಎಡಗಡೆ ಲೈಬ್ರರಿ ಎಂಬುದನ್ನು ಒತ್ತಿದರೆ ನಡುವೆ ಸಾಲುಗಳು ಬರುತ್ತವೆ. ಅದರೊಳಗಿನ ಮೈಕ್ರೋಸಾಫ್ಟ್ ಫೋಲ್ಡರಿಗೆ ನಾನು ಕೈ ಹಾಕಲಿಲ್ಲ. ಹೊರಗಿನ ಸಾಲುಗಳಲ್ಲಿ ಒಂದಕ್ಕೆ 'ಸಿಸ್ಟಮ್ ಅಪ್‌ಡೇಟ್' ತರಹದ ಸಭ್ಯ ಹೆಸರು. ಟ್ರಿಗರ್ಸ್ ಎಂಬಲ್ಲಿ ನೋಡಿದರೆ ಲಾಗಾನ್ ಆದಾಗ ಒಮ್ಮೆ, ಆಮೇಲೆ ಪ್ರತಿ 1 ಗಂಟೆಗೆ. ಮುಂದಿನ ಓಟ ಎಷ್ಟು ಹೊತ್ತಿಗೆ? 12 ಗಂಟೆ 17 ನಿಮಿಷಕ್ಕೆ.

ಸಿಕ್ಕಿಬಿದ್ದಿತು!

ಡಿಲೀಟ್ ಮಾಡುವ ಮೊದಲು ಆ್ಯಕ್ಷನ್ಸ್ ಎಂಬ ಟ್ಯಾಬ್ ನೋಡಲೇಬೇಕು. ಯಾವ ಫೈಲನ್ನು ಓಡಿಸುತ್ತಿದೆ ಎಂಬ ಪೂರ್ತಿ ವಿಳಾಸ ಅಲ್ಲಿರುತ್ತದೆ. ನನ್ನದರಲ್ಲಿ ಅದು ಪ್ರೋಗ್ರಾಂಡೇಟಾ ಎಂಬ ಫೋಲ್ಡರಿನೊಳಗೆ ಇತ್ತು. ಸಿ ಡ್ರೈವಿನಲ್ಲೇ ಇದ್ದರೂ ಇದು ಮಾಮೂಲಿಯಾಗಿ ಕಾಣುವುದಿಲ್ಲ, ವ್ಯೂ ಮೆನುವಿನಲ್ಲಿ ಹಿಡನ್ ಫೈಲುಗಳನ್ನು ತೋರಿಸು ಎನ್ನಬೇಕು. ವಿಳಾಸವನ್ನು ಕಾಗದಕ್ಕೆ ಇಳಿಸಿ, ಟಾಸ್ಕ್ ಡಿಲೀಟ್ ಮಾಡಿ, ಆಮೇಲೆ ಆ ಫೋಲ್ಡರ್ ತೆಗೆದೆ. ಅದೇ ಹೆಸರಿನ ಫೋಲ್ಡರುಗಳು ಆ್ಯಪ್‌ಡೇಟಾದ ಲೋಕಲ್ ಮತ್ತು ರೋಮಿಂಗ್ ಎರಡರಲ್ಲೂ ಇದ್ದವು. ಅವನ್ನೂ ತೆಗೆದೆ.

ತೆರೆಮರೆಯಲ್ಲಿ ತಾವಾಗೇ ಓಡುವ ಪ್ರೋಗ್ರಾಂಗಳ ಪಟ್ಟಿಗೆ ಸರ್ವೀಸಸ್ ಎನ್ನುತ್ತಾರೆ, ಅದರಲ್ಲೂ ಒಂದು ಉಳಿದಿತ್ತು. ಮೊದಲು ಸ್ಟಾಪ್, ಆಮೇಲೆ ಅಳಿಸಬೇಕು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಎಸ್‌ಸಿ ಡಿಲೀಟ್' (sc delete) ಎಂದು ಬರೆದು ಮುಂದೆ ಸರ್ವಿಸ್ ಹೆಸರು ಕೊಟ್ಟರೆ ಆಯಿತು. ಇದರಲ್ಲಿ ನಾನು ಅರ್ಧ ಗಂಟೆ ಹಾಳು ಮಾಡಿದೆ. ಒಂದು, ಪಟ್ಟಿಯಲ್ಲಿ ಕಾಣುವ ಹೆಸರು ಬೇರೆ, ನಿಜವಾದ ಸರ್ವಿಸ್ ಹೆಸರು ಬೇರೆ. ನಿಜವಾದದ್ದು ಪ್ರಾಪರ್ಟೀಸ್‌ನಲ್ಲಿ ಮೇಲುಗಡೆ ಇರುತ್ತದೆ. ಎರಡು, ನಾನು ಪವರ್‌ಶೆಲ್ ತೆರೆದಿದ್ದೆ. ವಿಂಡೋಸ್ ಜೊತೆ ಬರುವ ಪವರ್‌ಶೆಲ್‌ನಲ್ಲಿ 'ಎಸ್‌ಸಿ' ಅಂದರೆ ಫೈಲಿಗೆ ಬರೆಯುವ ಬೇರೆಯೇ ಆಜ್ಞೆ. ದೋಷವೂ ತೋರಿಸದೆ ಸುಮ್ಮನಾಗಿಬಿಡುತ್ತದೆ. ನಾನು ಸರ್ವಿಸ್ ಹೋಯಿತು ಎಂದೇ ತಿಳಿದಿದ್ದೆ.

ಇಷ್ಟಾದ ಮೇಲೆ ಆಟೋರನ್ಸ್ ಓಡಿಸಿದೆ. ಇದು ಸಿಸ್‌ಇಂಟರ್ನಲ್ಸ್‌ನದು, ಆ ಕಂಪನಿಯನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಇಂದಿಗೂ ಮೈಕ್ರೋಸಾಫ್ಟ್ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತದೆ, ಇನ್‌ಸ್ಟಾಲ್ ಕೂಡ ಬೇಡ. ಕಂಪ್ಯೂಟರ್ ಏಳುವಾಗ ತಾನಾಗೇ ಏಳುವ ಎಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ಹಳದಿ ಸಾಲು ಅಂದರೆ ನಮೂದು ಇದೆ, ಫೈಲ್ ಇಲ್ಲ. ನನಗೆ ಅಂಥ ಎರಡು ಸಿಕ್ಕವು, ಎರಡೂ ಈ ತಂಡದ್ದೇ. ನಸುಗೆಂಪು ಸಾಲು ಅಂದರೆ ತಯಾರಕರ ಸಹಿ ಖಾತ್ರಿಯಾಗಿಲ್ಲ ಎಂದರ್ಥ. ಹಾಗೆಂದು ಅದು ಕಳ್ಳನೇ ಆಗಬೇಕೆಂದಿಲ್ಲ. ನನ್ನ ಹಳೆಯ ಪ್ರಿಂಟರಿನ ಸಾಲೂ ನಸುಗೆಂಪಾಗಿತ್ತು. ಅದನ್ನು ಡಿಲೀಟ್ ಮಾಡಿದ್ದರೆ ಸೋಮವಾರ ಅಂಗಡಿ ಮುಚ್ಚಬೇಕಿತ್ತು. ಅನುಮಾನ ಬಂದದ್ದರ ಟಿಕ್ ಮಾತ್ರ ತೆಗೆಯಿರಿ. ನಾಲ್ಕು ದಿನ ನೋಡಿ ಆಮೇಲೆ ಡಿಲೀಟ್ ಮಾಡಿದರೆ ಏನೂ ನಷ್ಟ ಇಲ್ಲ.

ಬ್ರೌಸರಿನ ಕಥೆ ಬೇರೆಯೇ. ಕ್ರೋಮ್ ಮೆನುವಿನ ತುದಿಯಲ್ಲಿ 'ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ' ಎಂಬ ಅರ್ಥದ ಸಾಲು ಕಾಣಿಸಿತು. ನನ್ನ ಸಂಸ್ಥೆಯಲ್ಲಿ ಇರುವವನು ನಾನೊಬ್ಬನೇ. ಮಧ್ಯಾಹ್ನ ಚಹಾ ತರುವವನೂ ನಾನೇ. ನಾನಂತೂ ಏನೂ ನಿರ್ವಹಿಸಿರಲಿಲ್ಲ! ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಕಡತಕ್ಕೆ ರಿಜಿಸ್ಟ್ರಿ ಎನ್ನುತ್ತಾರೆ. ಆ ಹುಡುಕಾಟದ ಸಹಾಯಕ ಅದರ ಪಾಲಿಸೀಸ್ ಎಂಬ ಜಾಗದಲ್ಲಿ ತನ್ನ ಎಕ್ಸ್‌ಟೆನ್ಷನ್ನನ್ನು, ಅಂದರೆ ಬ್ರೌಸರಿಗೆ ಅಂಟಿಕೊಳ್ಳುವ ಸಣ್ಣ ಪ್ರೋಗ್ರಾಂ ಅನ್ನು, ಕಡ್ಡಾಯ ಮಾಡಿಟ್ಟಿತ್ತು. ಅದಕ್ಕೇ ಎಕ್ಸ್‌ಟೆನ್ಷನ್ ತೆಗೆಯುವ ಬಟನ್ನೇ ಕೆಲಸ ಮಾಡುತ್ತಿರಲಿಲ್ಲ. ಆ ನಮೂದು ಅಳಿಸಿದ ಮೇಲೆ ಬಟನ್ ಜೀವ ಪಡೆಯಿತು. ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಆ ಸಾಲು ಸಹಜ, ಅಲ್ಲಿ ಮುಟ್ಟಬೇಡಿ. ಇನ್ನು ಡೆಸ್ಕ್‌ಟಾಪಿನ ಬ್ರೌಸರ್ ಐಕಾನಿನ ಪ್ರಾಪರ್ಟೀಸ್ ನೋಡಿ. ಟಾರ್ಗೆಟ್ ಸಾಲಿನ ಬಾಲದಲ್ಲಿ ಯಾವುದೋ ಜಾಲತಾಣದ ವಿಳಾಸ ಅಂಟಿಸಿರುತ್ತಾರೆ. ನೋಟಿಫಿಕೇಷನ್ ಅನುಮತಿಗಳನ್ನೂ ನೋಡಿ. ಎಷ್ಟೋ ಸಲ 'ವೈರಸ್ ಬಂತು' ಎಂದು ನನ್ನ ಅಂಗಡಿಗೆ ಬರುವವರದ್ದು ಬರೀ ಇದೇ. ಎಂದೋ ಯಾವುದೋ ತಾಣಕ್ಕೆ 'ಅಲೋ' ಒತ್ತಿರುತ್ತಾರೆ, ಅಷ್ಟೇ.

ರಿಜಿಸ್ಟ್ರಿ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್. ಪೂರ್ತಿ ಕ್ಲೀನ್ ಆಗಬೇಕು ಎಂದು ಅಲ್ಲಿ ಗುದ್ದಲಿ ಹಿಡಿದು ಇಳಿಯಬಾರದು. ರಿಜಿಸ್ಟ್ರಿ ಕ್ಲೀನರ್‌ಗಳನ್ನು ಮೈಕ್ರೋಸಾಫ್ಟೇ ಬೆಂಬಲಿಸುವುದಿಲ್ಲ. ನನ್ನನ್ನು ಕಾಡಿದ ಕೆಂಪು ಪೆಟ್ಟಿಗೆಯೇ ಒಂದು ರಿಜಿಸ್ಟ್ರಿ ಕ್ಲೀನರ್ ಆಗಿತ್ತಲ್ಲ. ನಾನು ಮಾಡಿದ್ದು ಇಷ್ಟು: ಕಾಗದದಲ್ಲಿದ್ದ ಪೂರ್ತಿ ಹೆಸರುಗಳನ್ನು ಹುಡುಕಿದೆ. ಸಾಫ್ಟ್‌ವೇರ್ ಎಂಬ ಕೀಲಿಯ ಕೆಳಗೆ ತಯಾರಕರ ಹೆಸರಿನದ್ದು, ರನ್ ಎಂಬಲ್ಲಿ ಉಳಿದದ್ದು, ಇವನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಂಡು ಅಳಿಸಿದೆ. ಮುಂದಿನದನ್ನು ಹುಡುಕಲು ಎಫ್3 ಒತ್ತಿದಂತೆಲ್ಲ ಇನ್ನೂ ಬರುತ್ತಲೇ ಇದ್ದವು. ಯಾವುದೋ ಹಳೆಯ ಫೈಲ್ ವಿಳಾಸದ ನೆನಪುಗಳು. ಅವು ಏನನ್ನೂ ಓಡಿಸುವುದಿಲ್ಲ, ಕಂಪ್ಯೂಟರನ್ನು ನಿಧಾನವೂ ಮಾಡುವುದಿಲ್ಲ. ಬಿಟ್ಟುಬಿಟ್ಟೆ.

ಕೊನೆಗೆ ವಿಂಡೋಸಿನದ್ದೇ ಆ್ಯಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್. ವಿಂಡೋಸ್ ಪೂರ್ತಿ ಏಳುವ ಮೊದಲೇ ನಡೆಯುವ ತಪಾಸಣೆ, ಸುಮಾರು 15 ನಿಮಿಷ ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ, ನನ್ನ ಯುಪಿಎಸ್ ಬ್ಯಾಟರಿ ಅಷ್ಟು ಹೊತ್ತು ತಡೆಯುವುದೂ ಇಲ್ಲ. ಮಳೆ ಬಿಟ್ಟ ಒಂದು ರಾತ್ರಿಗೆ ಕಾದು ಮಾಡಿದೆ. ಏನೂ ಸಿಗಲಿಲ್ಲ. ಮೇಲ್ ಪಾಸ್‌ವರ್ಡನ್ನು ಮೊಬೈಲಿನಿಂದ ಬದಲಿಸಿದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಬೇಡದ ಆ್ಯಪ್ ತಡೆಯುವ ಸ್ವಿಚ್ ಒಂದಿದೆ, ಅದನ್ನೂ ಆನ್ ಮಾಡಿದೆ. ದಿನದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಲ್ಲದ ಬೇರೆ ಖಾತೆ ಮಾಡಿಕೊಂಡೆ. ಈಗ ಏನೇ ಇನ್‌ಸ್ಟಾಲ್ ಮಾಡಲು ಹೋದರೂ ಪಾಸ್‌ವರ್ಡ್ ಕೇಳುತ್ತದೆ. ಕಿರಿಕಿರಿಯೇ. ಆದರೆ ಅಷ್ಟು ಹೊತ್ತಿಗೆ ಕೈ ನಿಲ್ಲುತ್ತದೆ.

ಒಂದು ವಾರ ಪ್ರತಿ ಗಂಟೆಯ 17ನೇ ನಿಮಿಷಕ್ಕೆ ನನ್ನ ಕಣ್ಣು ತಾನಾಗೇ ಪರದೆಯ ಕಡೆ ಹೋಗುತ್ತಿತ್ತು. ಏನೂ ಬರಲಿಲ್ಲ.

ಚೌತಿ ಕಳೆದ ಮೇಲೆ ಮಾಸ್ತರರು ಮತ್ತೆ ಬಂದರು, ಕಂಕುಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು. ಬೆಂಗಳೂರಿನ ಮಗ ಕೊಟ್ಟುಹೋದದ್ದಂತೆ. "ತಮಾ, ಇದು ಏಳೋದಕ್ಕೇ ಹತ್ತು ನಿಮಿಷ ಮಾಡ್ತದೆ. ನಿನ್ನ 1,284ರಲ್ಲಿ ಒಂದಷ್ಟು ಇಲ್ಲಿಗೆ ಬಂದಾವೆಯೋ ಏನೋ, ನೋಡು" ಎಂದರು. ಪಟ್ಟಿ ತೆರೆದು ದಿನಾಂಕದ ಮೇಲೆ ಜೋಡಿಸಿದೆ. ಒಂದೇ ದಿನ ಏಳು ಸಾಲು. ಕಾಗದ ಎಳೆದುಕೊಂಡೆ.