ಬಾಗಿಲಲ್ಲಿ ನಿಮ್ಮನ್ನೇ ತಡೆದರೆ

ಹೋದ ದಸರೆಗೆ ಅವ್ವನನ್ನು ಪುಣೆಯ ಲಕ್ಷ್ಮಿ ರಸ್ತೆಗೆ ಕರೆದುಕೊಂಡು ಹೋಗಿದ್ದೆ. ಅವ್ವನಿಗೆ ರವಿಕೆ ಖಣ ಬೇಕಿತ್ತು. ನಮ್ಮದು ಯಾದಗಿರಿ ಜಿಲ್ಲೆ, ಶಹಾಪುರ ತಾಲೂಕು. ಅಪ್ಪ, ಅವ್ವ ಗೌಂಡಿ ಕೆಲಸಕ್ಕೆ ಅಂತ ಇಲ್ಲಿಗೆ ಬಂದಾಗ ನಾನಿನ್ನೂ ಸೊಂಟದ ಮೇಲಿದ್ದೆ. ಅವ್ವನ ಮುಂಗೈ ತುಂಬ ಹಚ್ಚೆ, ತಲೆ ಮೇಲೆ ಸೆರಗು, ಕಾಸಿನಗಲ ಕುಂಕುಮ. ಅಂಗಡಿಯ ಗಾಜಿನೊಳಗೆ ಒಂದು ಗೊಂಬೆ ನಿಲ್ಲಿಸಿದ್ದರು. ಅದಕ್ಕೂ ಇಳಕಲ್ ಸೀರೆ ಉಡಿಸಿದ್ದರು. ಅವ್ವ ಉಟ್ಟಿದ್ದೂ ಇಳಕಲ್ಲೇ.

ಅವ್ವ ಖಣದ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. "ಮಾವಶಿ, ಹಾತ್ ನಕಾ ಲಾವೂ" ಅಂದಳು ಸೇಲ್ಸ್ ಹುಡುಗಿ, ಕೈ ಹಚ್ಚಬೇಡಿ ಅಂತ. ಪಕ್ಕದಲ್ಲೇ ಇನ್ನೊಬ್ಬ ಹೆಂಗಸು ಅದೇ ಬಟ್ಟೆಯನ್ನು ಎಳೆದು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುತ್ತಿದ್ದಳು. ಅವಳಿಗೆ ಯಾರೂ ಏನೂ ಅನ್ನಲಿಲ್ಲ. ಹೊರಗೆ ಬರುವಾಗ ಗಾರ್ಡ್ ಅವಳಿಗೆ ಬಾಗಿಲು ತೆಗೆದ, ಅವ್ವನ ಕೈಚೀಲಕ್ಕೆ ಕೈ ಹಾಕಿದ. ಬಿಲ್ ತೋರಿಸಿದರೂ ಬಿಡದೆ ತಳದವರೆಗೆ ತಡಕಿದ. ಸಿಕ್ಕಿದ್ದು ಎಲೆಅಡಿಕೆ ಸಂಚಿ, ಬಸ್ ಪಾಸ್, ಅರ್ಧ ತಿಂದ ಚಿಕ್ಕಿ. ನಾನು ಅವ್ವನಿಗೆ ಏನೋ ಅಂದೆ. ಅವನು ತಲೆ ಎತ್ತಿ ಕನ್ನಡದಲ್ಲೇ, "ಮ್ಯಾಲೆ ಕ್ಯಾಮೆರಾ ಐತ್ರೀ ಅಕ್ಕಾ, ನಾನೇನ್ ಮಾಡ್ಲಿ" ಅಂದ. ಅಕ್ಕಲಕೋಟೆ ಕಡೆಯವನಂತೆ.

ಅವತ್ತು ನನ್ನ ಬಾಯಿ ಕಟ್ಟಿತು. ಇಂಥದ್ದೇ ಬಟ್ಟೆ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವಳು ನಾನು. ಏನು ಹೇಳಬೇಕು ಅಂತ ಗೊತ್ತಿದ್ದೂ ಹೇಳಲಿಲ್ಲ. ಅದನ್ನೇ ಈಗ ಬರೆಯುತ್ತಿದ್ದೇನೆ.

ಮೊದಲು, ಹಿಂದೆ ಬರುವವರು ಸಹಾಯಕ್ಕೆ ಬರುತ್ತಿದ್ದಾರಾ, ಕಾಯುವುದಕ್ಕಾ ಅಂತ ತಿಳಿದುಕೊಳ್ಳಿ. ಸಹಾಯಕ್ಕೆ ಬಂದವರ ಕಣ್ಣು ನೀವು ನೋಡುತ್ತಿರುವ ಬಟ್ಟೆ ಮೇಲಿರುತ್ತದೆ. ಕಾಯುವವರ ಕಣ್ಣು ನಿಮ್ಮ ಚೀಲದ ಮೇಲಿರುತ್ತದೆ. ಅವರು ಸೈಜ್ ಕೇಳುವುದಿಲ್ಲ. ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಮತ್ತೆ ಮಡಚುತ್ತಾರೆ. ನಾನೂ ಮಡಚಿದ್ದೇನೆ. ನಮ್ಮ ಅಂಗಡಿಯಲ್ಲಿ ಮೈಕಿನಲ್ಲಿ "ಮೂರನೇ ಸೆಕ್ಷನ್‌ಗೆ ಹೆಲ್ಪ್" ಅಂತ ಕೂಗಿದರೆ, ಅಲ್ಲಿರುವವರ ಹಿಂದೆ ಹೋಗು ಅಂತ ಅರ್ಥ. ಯಾರ ಹಿಂದೆ? ಬುರ್ಖಾ ಹಾಕಿದವರು, ಮಣಿಪುರ, ನಾಗಾಲ್ಯಾಂಡ್ ಕಡೆಯ ಹುಡುಗಿಯರು, ಪುಣೆಯ ಕೊಂಢ್ವಾದಲ್ಲಿ ರೂಮ್ ಮಾಡಿಕೊಂಡಿರುವ ಆಫ್ರಿಕಾದ ವಿದ್ಯಾರ್ಥಿಗಳು, ನಮ್ಮ ಅವ್ವನಂಥವರು. ಇದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ. ಆ ನಾಲ್ಕು ವರ್ಷದಲ್ಲಿ ನನ್ನ ಕಣ್ಣೆದುರು ಸಿಕ್ಕಿಬಿದ್ದವರು ಇಬ್ಬರೇ. ಒಬ್ಬಳು ಕಾರಲ್ಲಿ ಬಂದವಳು, ಇನ್ನೊಬ್ಬ ನಮ್ಮದೇ ಗೋದಾಮಿನ ಹುಡುಗ.

ಒಬ್ಬ ವಿದ್ಯಾರ್ಥಿ ಮಾತ್ರ ನನಗೆ ಮರೆಯುವುದಿಲ್ಲ. ಒಂದು ಬಿಳಿ ಶರ್ಟ್‌ಗೆ ಅಂತ ಬಂದಿದ್ದ. ನಾನು ಮೂರು ಸಾಲು ಹಿಂದೆ ಹಿಂದೆಯೇ ಹೋದೆ. ಬಿಲ್ ಮಾಡಿಸಿದ ಮೇಲೆ ಅವನು ಬಿಲ್ಲನ್ನು ಜೇಬಿಗೆ ಹಾಕಲಿಲ್ಲ. ಕೌಂಟರ್‌ನಿಂದ ಬಾಗಿಲವರೆಗೆ ತಲೆ ಎತ್ತರಕ್ಕೆ ಎತ್ತಿ ಹಿಡಿದುಕೊಂಡೇ ನಡೆದ. ಅದು ಅವನಿಗೆ ರೂಢಿಯಾಗಿತ್ತು, ನೋಡಿದರೇ ಗೊತ್ತಾಗುತ್ತಿತ್ತು.

ಹಿಂದೆ ಬರುತ್ತಿದ್ದಾರೆ ಅನ್ನಿಸಿದರೆ ನನ್ನ ಉಪಾಯ ಇಷ್ಟೇ: ತಿರುಗಿ ನಿಂತು ಕೆಲಸ ಹೇಳಿ. "ಇದರಲ್ಲಿ 38 ಇದೆಯಾ? ಆ ಮೇಲಿನದ್ದು ತೆಗೀರಿ. ಇನ್ನೊಂದು ಬಣ್ಣ ತೋರಿಸಿ." ನಾಲ್ಕು ತೆಗೆಸಿ, ಬೇಕಿದ್ದರೆ ಕೊಳ್ಳಿ. ಕಾಯುವುದಕ್ಕೆ ಬಂದವಳು ಸಹಾಯಕ್ಕೆ ಬಂದವಳಾಗಲೇಬೇಕಾಗುತ್ತದೆ. ಇದರಲ್ಲಿ ಸ್ವಲ್ಪ ಮಜಾನೂ ಇದೆ, ಸುಳ್ಳು ಯಾಕೆ ಹೇಳಲಿ. ಒಳ್ಳೆ ಬಟ್ಟೆ ಹಾಕಿಕೊಂಡು ಹೋಗಿ ಅಂತ ಮಾತ್ರ ನಾನು ಹೇಳುವುದಿಲ್ಲ. ಬಟ್ಟೆ ಕೊಳ್ಳುವುದಕ್ಕೆ ಬಟ್ಟೆ ಹಾಕಿಕೊಂಡು ರೆಡಿಯಾಗಬೇಕಾ?

ಬಾಗಿಲಲ್ಲಿ ತಡೆದರೆ ಒಂದೇ ಪ್ರಶ್ನೆ, ಮೆಲ್ಲಗೆ, ಆದರೆ ನಾಲ್ಕು ಜನಕ್ಕೆ ಕೇಳುವ ಹಾಗೆ: "ಸಗಳ್ಯಾಂಚೀ ಬ್ಯಾಗ್ ತಪಾಸತಾ ಕಾ?" ಎಲ್ಲರ ಚೀಲವನ್ನೂ ನೋಡುತ್ತೀರಾ ಅಂತ. ಎಲ್ಲರದ್ದೂ ನೋಡುತ್ತಿದ್ದರೆ ತೋರಿಸಿ, ತಕರಾರಿಲ್ಲ. ನಿಮ್ಮೊಬ್ಬರದ್ದೇ ಆದರೆ ಮ್ಯಾನೇಜರನ್ನು ಅಲ್ಲಿಗೇ ಕರೆಸಿ. ಗಾರ್ಡ್ ಮೇಲೆ ಕೂಗಾಡಬೇಡಿ. ಹನ್ನೆರಡು ತಾಸು ನಿಂತಿರುತ್ತಾನೆ, ಹುಕುಂ ಅವನದಲ್ಲ. ಮೆಷಿನ್ ಬೀಪ್ ಅಂದರೆ ಗಾಬರಿ ಬೇಡ. ಹೆಚ್ಚಾಗಿ ಬಿಲ್ಲಿಂಗ್‌ನವರು ಟ್ಯಾಗ್ ತೆಗೆಯುವುದನ್ನು ಮರೆತಿರುತ್ತಾರೆ. ನೀವೇ ಕೌಂಟರಿಗೆ ವಾಪಸ್ ಹೋಗಿ, ಚೀಲ ನೀವೇ ತೆರೆಯಿರಿ. ಅವರ ಕೈಗೆ ಕೊಡಬೇಡಿ.

"ಒಳಗಿನ ರೂಮಿಗೆ ಬನ್ನಿ" ಅಂದರೆ ಹೋಗಬೇಡಿ. ಇದನ್ನು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಗಾರ್ಡ್ ಪೊಲೀಸ್ ಅಲ್ಲ. ಕಳ್ಳತನ ಕಣ್ಣಾರೆ ಕಂಡು ಹಿಡಿದರೂ ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನದ ಮೇಲೆ ಕೂರಿಸಿಕೊಳ್ಳುವ ಹಕ್ಕು ಅಂಗಡಿಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ದಾರಿ ತಡೆಯುವುದು 126ನೇ ಕಲಂ, ಕೂಡಿಹಾಕುವುದು 127ನೇ ಕಲಂ. ಹೆಂಗಸರ ಮೈ ಮುಟ್ಟಿ ತಪಾಸಣೆ ಮಾಡುತ್ತೇವೆ ಅಂದರೆ, 112ಕ್ಕೆ ಫೋನ್ ಮಾಡಿ ಮಹಿಳಾ ಪೊಲೀಸರನ್ನು ಕರೆಸಿ ಅನ್ನಿ. ಫೋನ್ ಕೈಗೆತ್ತಿಕೊಂಡರೇ ಅರ್ಧ ಮಾತು ಮುಗಿದಿರುತ್ತದೆ.

ಸಂವಿಧಾನದ 15ನೇ ವಿಧಿಯ ಎರಡನೇ ಭಾಗದಲ್ಲಿ "ಅಂಗಡಿ" ಅನ್ನುವ ಪದವೇ ಇದೆ ಅಂತ ನನಗೆ ಬಹಳ ತಡವಾಗಿ ಗೊತ್ತಾಯಿತು. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕೆ ಯಾವ ನಾಗರಿಕರನ್ನೂ ಅಂಗಡಿ, ಹೋಟೆಲಿಗೆ ಬರದಂತೆ ತಡೆಯುವ ಹಾಗಿಲ್ಲ. ಬಿಳಿ ಶರ್ಟಿನ ಆ ಹುಡುಗ ಈ ದೇಶದ ನಾಗರಿಕ ಅಲ್ಲ, ಹಾಗಾಗಿ ಈ ವಿಧಿ ಅವನಿಗಿಲ್ಲ. ಆದರೆ 126, 127 ಅವನಿಗೂ ಅಷ್ಟೇ ಅನ್ವಯಿಸುತ್ತವೆ.

ಮನೆಗೆ ಬಂದ ಮೇಲೆ ಅವತ್ತೇ ಬರೆದಿಡಿ: ಎಷ್ಟು ಗಂಟೆ, ಯಾವ ಬಾಗಿಲು, ಯಾರು ಏನಂದರು, ಗಾರ್ಡಿನ ಗುರುತಿನ ಚೀಟಿಯಲ್ಲಿ ಯಾವ ಏಜೆನ್ಸಿ. ಅಂಗಡಿಗೆ ಇಮೇಲ್ ಮಾಡಿ, ಆ ಹೊತ್ತಿನ ಸಿಸಿಟಿವಿ ಅಳಿಸದೆ ಇಡಿ ಅಂತ ಕೇಳಿ. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತದೆ, ತಡ ಮಾಡಿದರೆ ಹೋಯಿತು. ಗ್ರಾಹಕ ಸಹಾಯವಾಣಿ 1915. ದೂರಿನಿಂದ ಏನಾಗುತ್ತೆ ಅಂತೀರಾ? ನ್ಯೂಯಾರ್ಕಿನ ಎರಡು ದೊಡ್ಡ ಅಂಗಡಿಗಳಲ್ಲಿ ಕಪ್ಪು ಜನರನ್ನು ಹೀಗೇ ತಡೆಯುತ್ತಿದ್ದಾರೆ ಅಂತ ಗಿರಾಕಿಗಳು ದೂರು ಕೊಟ್ಟರು. 2014ರಲ್ಲಿ ಆ ಅಂಗಡಿಗಳು ಸರ್ಕಾರದ ಜೊತೆ ರಾಜಿಯಾಗಿ 5,25,000 ಮತ್ತು 6,50,000 ಡಾಲರ್ ಕಟ್ಟಿದವು. ಅಷ್ಟು ದೂರ ಯಾಕೆ, 2024ರ ಜುಲೈಯಲ್ಲಿ ಹಾವೇರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಕ್ಕೆ ಬೆಂಗಳೂರಿನ ಮಾಲ್ ಒಳಗೆ ಬಿಡಲಿಲ್ಲ. ವಿಡಿಯೊ ಹರಡಿತು, ಸರ್ಕಾರ ಮಾಲ್ ಮುಚ್ಚಿಸಿತು.

ಇನ್ನು, ತಡೆದದ್ದು ಬೇರೆಯವರನ್ನು, ನೀವು ಸುಮ್ನೆ ಸಾಲಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಮೊದಲೇ ಫೋನ್ ತೆಗೆದು ಮುಖಕ್ಕೆ ಹಿಡಿಯಬೇಡಿ. ಅವಮಾನ ಆದವರಿಗೆ ಅದು ಇನ್ನೊಂದು ಅವಮಾನ. ಹೋಗಿ ಪಕ್ಕ ನಿಲ್ಲಿ. ಗಾರ್ಡನ್ನಲ್ಲ, ಅವರನ್ನು ಕೇಳಿ: "ನಾನು ಇಲ್ಲೇ ಇರಲಾ?" ಹೂಂ ಅಂದರೆ ನಿಮ್ಮ ಚೀಲವನ್ನೂ ಗಾರ್ಡ್ ಮುಂದೆ ಇಡಿ, "ನನ್ನದೂ ನೋಡಿ" ಅನ್ನಿ. ಪುಣೆಯ ವಿಮಾನ ನಗರದ ಮಾಲ್ ಒಂದರಲ್ಲಿ ಮಣಿಪುರದ ಹುಡುಗಿಯೊಬ್ಬಳಿಗೆ ಹೀಗಾದಾಗ ನಾನು ಮಾಡಿದ್ದು ಇಷ್ಟೇ. ನನ್ನ ಹಿಂದೆ ಇನ್ನಿಬ್ಬರು ಚೀಲ ಇಟ್ಟರು. ಗಾರ್ಡ್ ನಕ್ಕು ಎಲ್ಲರನ್ನೂ ಕಳಿಸಿದ. ಮಾತು ಬೆಳೆಯುವ ಮೊದಲೇ ಹೋಗುವುದು ಮುಖ್ಯ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾನ ಕೂದಲು ನೋಡಿ ಅಂಗಡಿಯವರು ಗೇಲಿ ಮಾಡಿದರು. ಗೇಲಿ ಜಗಳವಾಯಿತು, ಹುಡುಗ ಮರುದಿನ ಸತ್ತ.

ಆಮೇಲೆ ನಿಮ್ಮ ನಂಬರ್ ಕೊಡಿ, ದೂರು ಕೊಟ್ಟರೆ ಸಾಕ್ಷಿ ಹೇಳುತ್ತೇನೆ ಅನ್ನಿ. ದೂರು ಕೊಡಲೇಬೇಕು ಅಂತ ಜಗ್ಗಬೇಡಿ. ಮಣಿಪುರದ ಆ ಹುಡುಗಿ ಕೊಡಲಿಲ್ಲ. ಅವಳಿಗೆ ಮನೆಗೆ ಹೋಗಬೇಕಿತ್ತು.

ಇನ್ನೊಂದು ಮಾತು. ಈಗಿನ ಬಿಲ್ಲುಗಳ ಅಕ್ಷರ ಬಿಸಿಗೆ ಮಾಸುತ್ತದೆ, ಬರಬರುತ್ತ ಬೋಳು ಕಾಗದ. ಅಂಗಡಿ ದಾಟುವ ಮೊದಲೇ ಫೋಟೊ ತೆಗೆದಿಡಿ. ಅವ್ವನದ್ದು ನನ್ನ ಫೋನಲ್ಲಿ ಇನ್ನೂ ಇದೆ: ಖಣ ಎರಡು, 640 ರೂಪಾಯಿ, ನಗದು, ಸಂಜೆ 5:52.