ಅರ್ಧಕ್ಕೆ ನಿಂತ ಹಳೆಯ ಸ್ಟೇಷನ್ ವ್ಯಾಗನ್ ಮಾರುವ ಬಗೆ

ಮೈಸೂರಿನ ಬನ್ನಿಮಂಟಪದ ಕಡೆಯ ಒಂದು ಶೆಡ್ಡಿನಲ್ಲಿ ನನ್ನ 1994ರ ಟಾಟಾ ಎಸ್ಟೇಟ್ ಎಂಬ ಸ್ಟೇಷನ್ ವ್ಯಾಗನ್ (ಸಾಮಾನಿಗಾಗಿ ಹಿಂಭಾಗ ಉದ್ದವಾಗಿರುವ ಕಾರು) ನಾಲ್ಕು ವರ್ಷ ಇಟ್ಟಿಗೆಗಳ ಮೇಲೆ ನಿಂತಿತ್ತು. ಎಂಜಿನ್ ಕೆಲಸ ಮುಗಿದಿತ್ತು, ಟಿಂಕರಿಂಗ್ ಅರ್ಧ ಆಗಿತ್ತು, ಸೀಟುಗಳು ಮನೆಯ ಅಟ್ಟ ಸೇರಿದ್ದವು. ಇನ್ನು ಇದು ನನ್ನ ಕೈಯಲ್ಲಿ ಮುಗಿಯುವುದಿಲ್ಲ ಎಂದು ಒಪ್ಪಿಕೊಂಡ ಮೇಲೆ ಅದನ್ನು ಮಾರಲು ಎಂಟು ತಿಂಗಳು ಹಿಡಿಯಿತು. ಅಷ್ಟು ತಡವಾಗಲು ನನ್ನ ಸಿದ್ಧತೆಯ ಕೊರತೆಯೇ ಕಾರಣ. ಇಂಥ ಗಾಡಿ ಇಟ್ಟುಕೊಂಡಿರುವ ಇತರರಿಗೆ ಆ ತೊಂದರೆ ಬಾರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಾರುವ ನಿರ್ಧಾರ ಮಾಡಿದ ದಿನದಿಂದ ಗಾಡಿಗೆ ಹೊಸದಾಗಿ ಬಣ್ಣ ಹೊಡೆಸಬೇಡಿ, ಪುಟ್ಟಿ ತುಂಬಿಸಬೇಡಿ. ಕೊಳ್ಳುವವರು ಜೇಬಿನಲ್ಲಿ ಚಿಕ್ಕ ಅಯಸ್ಕಾಂತ ಇಟ್ಟುಕೊಂಡೇ ಬರುತ್ತಾರೆ, ಪುಟ್ಟಿಯಿಂದಾಗಿ ಅದು ಅಂಟದ ಜಾಗ ಸಿಕ್ಕಿತೆಂದರೆ ಉಳಿದ ಒಳ್ಳೆಯ ತಗಡನ್ನೂ ಅನುಮಾನದಿಂದಲೇ ನೋಡುತ್ತಾರೆ. ಬರಿಯ ಪ್ರೈಮರ್ ಹೊಡೆದು, ಹೊಸ ತಗಡು ಬೆಸೆದ ಜಾಗ ಕಾಣುವಂತೆ ಬಿಟ್ಟ ಬಾಡಿಗೇ ಹೆಚ್ಚು ನಂಬಿಕೆ ಹುಟ್ಟುತ್ತದೆ. ಬಿಚ್ಚುವಾಗ ಮತ್ತು ವೆಲ್ಡಿಂಗ್ ಮಾಡಿಸುವಾಗ ತೆಗೆದ ಫೋಟೋಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ನನ್ನ ಮಟ್ಟಿಗೆ ಗ್ಯಾರೇಜಿನ ಬಿಲ್ಲುಗಳಿಗಿಂತ ಆ ಫೋಟೋಗಳೇ ಹೆಚ್ಚು ಕೆಲಸ ಮಾಡಿದವು.

ಸ್ಟೇಷನ್ ವ್ಯಾಗನ್ನಿನ ಬೆಲೆ ಬಹುಪಾಲು ಅದರ ಹಿಂಭಾಗದಲ್ಲಿದೆ ಎಂಬುದನ್ನು ನಾನು ತಡವಾಗಿ ಅರಿತೆ. 1992ರಲ್ಲಿ ಬಂದ ಟಾಟಾ ಎಸ್ಟೇಟಿಗೆ ಟಾಟಾದವರದೇ ಮೊಬೈಲ್ ಪಿಕಪ್ ಮತ್ತು ಸಿಯೆರಾ ಕಾರುಗಳಲ್ಲಿದ್ದ 1948 ಸಿ.ಸಿ. ಡೀಸೆಲ್ ಎಂಜಿನ್ನೇ ಇರುವುದರಿಂದ, ಎಂಜಿನ್ ಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಾಗಲಿ, ಗುಜರಿಯಲ್ಲಾಗಲಿ ಹುಡುಕಿ ತರಬಹುದು. ಹಿಂದಿನ ಡಿಕ್ಕಿ ಬಾಗಿಲು, ಅದರ ಗಾಜು, ಹಿಂಬದಿಯ ಉದ್ದನೆಯ ಪಕ್ಕದ ಗಾಜುಗಳು, ಅವುಗಳ ರಬ್ಬರ್ ಬೀಡಿಂಗ್, ಒಳಚಾವಣಿಯ ಹಿಂದಿನ ತುಂಡು ಇವು ಹಾಗಲ್ಲ. ಎಸ್ಟೇಟಿಗೆ ಎಸ್ಟೇಟಿನವೇ ಬೇಕು. ಅಂಬಾಸಿಡರ್ ಅಥವಾ ಫಿಯೆಟ್‌ಗಳ ವ್ಯಾಗನ್ ರೂಪಗಳಿಗೂ ಇದೇ ಮಾತು ಸಲ್ಲುತ್ತದೆ. ಆದ್ದರಿಂದ ಜಾಹೀರಾತಿನಲ್ಲಿ ಎಂಜಿನ್ನಿನ ವರ್ಣನೆ ಎರಡು ಸಾಲಿನಲ್ಲಿ ಮುಗಿಯಲಿ. ಹಿಂಭಾಗದ ಒಂದೊಂದು ಗಾಜು, ಒಂದೊಂದು ಹಿಂಜಿನ ಸ್ಥಿತಿಯನ್ನು ಫೋಟೋ ಸಮೇತ ತಿಳಿಸಿ.

ಅಲ್ಲಿರುವ ದೋಷವನ್ನೂ ನೀವೇ ಮೊದಲು ತೋರಿಸಬೇಕು. ಡಿಕ್ಕಿ ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿದು ಹೋಗುವ ತೂತುಗಳು ಮಣ್ಣಿನಿಂದ ಮುಚ್ಚಿಹೋಗಿ, ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ನನ್ನ ಗಾಡಿಯಲ್ಲಿ ಆ ಅಂಚಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ಸಾಕು, ಹುರಿಗಡಲೆಯ ಸಿಪ್ಪೆಯಂತೆ ಕೆಂಪು ಹಕ್ಕಳೆಗಳು ಉದುರುತ್ತಿದ್ದವು. ಮೊದಲು ಬಂದ ಇಬ್ಬರಿಗೆ ಇದನ್ನು ಹೇಳಲಿಲ್ಲ. ಇಬ್ಬರೂ ತಾವೇ ಕಂಡುಕೊಂಡು ಹೊರಟುಹೋದರು. ಮೂರನೆಯವರಿಗೆ ಬಂದ ತಕ್ಷಣ ಅದನ್ನೇ ತೋರಿಸಿದೆ, ಮಾತುಕತೆ ಮುಂದುವರಿಯಿತು.

ಬಿಚ್ಚಿದ ಭಾಗಗಳನ್ನು ಗೋಣಿಚೀಲದಲ್ಲಿ ತುಂಬಿ "ಎಲ್ಲಾ ಇದೆ" ಎಂದರೆ ಯಾರೂ ನಂಬುವುದಿಲ್ಲ, ನಂಬಲೂ ಬಾರದು. ಒಂದು ಭಾನುವಾರ ಶೆಡ್ಡಿನ ನೆಲದ ಮೇಲೆ ಟಾರ್ಪಾಲ್ ಹಾಸಿ, ಗಾಡಿಯಲ್ಲಿ ಅವು ಇರುವ ಕ್ರಮದಲ್ಲೇ ಎಲ್ಲವನ್ನೂ ಹರಡಿ, ಮೇಲಿನಿಂದ ಫೋಟೋ ತೆಗೆಯಿರಿ. ನಟ್ಟು ಬೋಲ್ಟುಗಳನ್ನು ಚಿಕ್ಕ ಕವರುಗಳಿಗೆ ಹಾಕಿ, ಯಾವ ಜಾಗದವು ಎಂದು ಚೀಟಿ ಬರೆದು ಒಳಗಿಡಿ. ಇರುವ ಭಾಗಗಳ ಪಟ್ಟಿಯ ಜೊತೆಗೆ ಇಲ್ಲದವುಗಳ ಪಟ್ಟಿಯನ್ನೂ ಮಾಡಿ. ಎಂಜಿನ್ ಹೊರಗಿದ್ದರೆ ಅದು ಕೈಯಿಂದ ತಿರುಗುತ್ತದೆ ಎಂದು ವಿಡಿಯೋದಲ್ಲಿ ತೋರಿಸಿದರೆ ಸಾಕು.

ಕಾಗದಪತ್ರದ ವಿಷಯಕ್ಕೆ ಹೆಚ್ಚಿನ ಎಚ್ಚರ ಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಗಳದ್ದು, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಡ್ಡಬೇಕಾಗಿರುವುದರಿಂದ, ಇಟ್ಟಿಗೆಯ ಮೇಲೆ ನಿಂತ ಗಾಡಿಗೆ ಅದು ಆಗದ ಕೆಲಸ. ನಿಮ್ಮ ನೋಂದಣಿ ಪತ್ರದ (ಆರ್.ಸಿ.) ಅವಧಿ ಇನ್ನೂ ಉಳಿದಿದ್ದರೆ ಅದು ಮುಗಿಯುವ ಮುನ್ನವೇ ಮಾರಿಬಿಡುವುದು ಜಾಣತನ. ಕೈಬರಹದ ಹಳೆಯ ಆರ್.ಸಿ. ಪುಸ್ತಕವಾದರೆ, ಮೈಸೂರು ಪಶ್ಚಿಮದ ಕೆಎ-09 ಇರಲಿ, ಮಂಡ್ಯದ ಕೆಎ-11 ಇರಲಿ, ಆಯಾ ಆರ್.ಟಿ.ಒ. ಕಚೇರಿಗೆ ಹೋಗಿ ವಿವರಗಳು ವಾಹನ ನೋಂದಣಿಯ ಗಣಕ ದಾಖಲೆಯಾದ "ವಾಹನ್"ನಲ್ಲಿ ಸೇರಿವೆಯೇ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಗಾಡಿಯೊಂದಿಗೆ ತಾಳೆಯಾಗುತ್ತವೆಯೇ ಎಂದು ನೋಡಿಕೊಳ್ಳಿ. ನನ್ನ ಪುಸ್ತಕದಲ್ಲಿ ಹಿಂದಿನ ಮಾಲೀಕರು ಎಂದೋ ತೀರಿಸಿದ್ದ ಸಾಲದ ನಮೂದು ಹಾಗೆಯೇ ಉಳಿದಿತ್ತು. ಬ್ಯಾಂಕಿನಿಂದ ಪತ್ರ ತಂದು, ನಮೂನೆ 35ರಲ್ಲಿ ಅದನ್ನು ತೆಗೆಸುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು, ಅಷ್ಟರಲ್ಲಿ ಮುಂಗಡ ಕೊಡಲು ಸಿದ್ಧವಿದ್ದ ಒಬ್ಬರು ಬೇರೆ ಗಾಡಿ ಕೊಂಡಿದ್ದರು.

"ವಿಂಟೇಜ್" ಎಂಬ ಪದವನ್ನು ಮನಬಂದಂತೆ ಬಳಸಬೇಡಿ. 2021ರಲ್ಲಿ ಬಂದ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ ಮತ್ತು ಎಂಜಿನ್ನುಗಳಲ್ಲಿ ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ ಮಾತ್ರ ಆ ಹೆಸರು ಮತ್ತು "ವಿಎ" ಸರಣಿಯ ಸಂಖ್ಯೆ ದೊರೆಯುತ್ತದೆ. ಅಷ್ಟು ಹಳೆಯ ವ್ಯಾಗನ್ ನಿಮ್ಮಲ್ಲಿದ್ದರೆ ಅದರ ಬಾಡಿಯನ್ನು ಕತ್ತರಿಸದೆ, ಬೇರೆ ಎಂಜಿನ್ ಕೂರಿಸದೆ ಇದ್ದಂತೆಯೇ ಮಾರಿ.

ಬೆಲೆ ಕಟ್ಟುವಾಗ ನೀವು ಮಾಡಿದ ಖರ್ಚನ್ನು ಮರೆಯಬೇಕಾಗುತ್ತದೆ. ನನಗೆ ಇದು ನಿಜಕ್ಕೂ ಕಷ್ಟವಾಯಿತು. ಓಡುವ ಸ್ಥಿತಿಯಲ್ಲಿರುವ ಅದೇ ಮಾದರಿ ಈಗ ಏನು ಬೆಲೆಗೆ ಹೋಗುತ್ತದೆಂದು ವಿಚಾರಿಸಿ, ಉಳಿದ ಟಿಂಕರಿಂಗ್, ಪೇಂಟಿಂಗ್, ವೈರಿಂಗ್, ಸೀಟಿನ ಕೆಲಸಗಳಿಗೆ ಎರಡು ಗ್ಯಾರೇಜುಗಳಿಂದ ಲಿಖಿತ ಅಂದಾಜು ಪಡೆದು ಕಳೆಯಿರಿ. ಅದರ ಮೇಲೆ, ಕೊಳ್ಳುವವರು ಹೊರುವ ಶ್ರಮಕ್ಕೂ ಅಪಾಯಕ್ಕೂ ಇನ್ನಷ್ಟು ಬಿಡಬೇಕು. ಆ ಅಂದಾಜು ಚೀಟಿಗಳನ್ನು ಅವರ ಮುಂದೆಯೇ ಇಟ್ಟರೆ ಚೌಕಾಸಿ ಬೇಗ ಮುಗಿಯುತ್ತದೆ. ನನಗೆ ಬಂದದ್ದು ಹಾಕಿದ ಹಣದ ಅರ್ಧಕ್ಕಿಂತ ಕಡಿಮೆ. ಆದರೂ ಗುಜರಿಯವರು ತೂಕದ ಲೆಕ್ಕದಲ್ಲಿ ಹೇಳಿದ್ದಕ್ಕಿಂತ ಅದು ಬಹಳ ಮೇಲಿತ್ತು.

ಕೊಳ್ಳಲು ಬರುವವರಲ್ಲಿ ಸಿಯೆರಾ ಇಟ್ಟುಕೊಂಡವರು ಇದೇ ಎಂಜಿನ್ ಬಲ್ಲವರು, ಬೇಗ ಒಪ್ಪುತ್ತಾರೆ. ಆದರೆ ಕೆಲವರಿಗೆ ಬೇಕಾದದ್ದು ಬಿಡಿಭಾಗಗಳು ಮಾತ್ರ. ಗಾಡಿ ಮತ್ತೆ ರಸ್ತೆಗೆ ಇಳಿಯಬೇಕೆಂಬ ಆಸೆ ನಿಮಗಿದ್ದರೆ, ಅದನ್ನು ಎಲ್ಲಿ ನಿಲ್ಲಿಸುತ್ತೀರಿ, ಟಿಂಕರಿಂಗ್ ಯಾರ ಕೈಲಿ ಮಾಡಿಸುತ್ತೀರಿ ಎಂದು ನೇರವಾಗಿ ಕೇಳಿ. ಉತ್ತರ ಸಿದ್ಧವಿರುವವರಿಗೆ ಸ್ವಲ್ಪ ಕಡಿಮೆಗೆ ಕೊಟ್ಟರೂ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ.

ಒಪ್ಪಂದವಾದ ದಿನವೇ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಆಗಲಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್.ಟಿ.ಒ.ಗೆ ತಿಳಿಸಬೇಕು. ಹೆಸರು ಬದಲಾಗುವವರೆಗೆ ದಾಖಲೆಯಲ್ಲಿರುವವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿರುವುದರಿಂದ, ಮುಂದೆ ಅಪಘಾತವಾದರೆ ಪರಿಹಾರದ ಹೊಣೆ ನಿಮ್ಮ ತಲೆಗೇ ಬರಬಹುದು. ಆರ್.ಸಿ. ಅವಧಿ ಮುಗಿದು ಹೆಸರು ಬದಲಾವಣೆ ತಡವಾಗುವಂತಿದ್ದರೆ, ಗಾಡಿ ಓಡುವ ಸ್ಥಿತಿಯಲ್ಲಿಲ್ಲ, ನವೀಕರಣದ ಹೊಣೆ ಕೊಂಡವರದು ಎಂದು ಕರಾರುಪತ್ರದಲ್ಲಿ ಬರೆಸಿ, ಭಾಗಗಳ ಎರಡೂ ಪಟ್ಟಿಗಳಿಗೆ ಸಹಿ ಹಾಕಿಸಿ ಲಗತ್ತಿಸಿ. ಮಾರಿದ ಸಂಗತಿಯನ್ನು ಆರ್.ಟಿ.ಒ.ಗೆ ಲಿಖಿತವಾಗಿ ಕೊಟ್ಟು, ಮೊಹರು ಬಿದ್ದ ಸ್ವೀಕೃತಿಯನ್ನು ಜೋಪಾನವಾಗಿಡಿ.

ಗಾಡಿಯನ್ನು ಹಗ್ಗ ಕಟ್ಟಿ ಎಳೆದೊಯ್ಯಲು ಬಿಡಬೇಡಿ, ಫ್ಲಾಟ್‌ಬೆಡ್ ಲಾರಿಯೇ ಬರಲಿ. ಗಾಜುಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಗಾಡಿಯೊಳಗೆ ಇಡದೆ ಬೇರೆ ವಾಹನದಲ್ಲಿ, ಮಲಗಿಸದೆ ನಿಲ್ಲಿಸಿ ಕಳುಹಿಸಿ. ನನ್ನ ಎಸ್ಟೇಟಿನ ಎರಡು ಪಕ್ಕದ ಗಾಜುಗಳು ಕೊಂಡವರ ಮಡಿಲಲ್ಲೇ ಮಂಡ್ಯದವರೆಗೆ ಹೋದವು.